ಆಳಿನ ತಪ್ಪು, ಅರಸನ ಹೊಣೆ

ಒಡೆಯನ ಕೆಲಸದಲ್ಲಿ ತೊಡಗಿದ ಆಳು ಪರರಿಗೆ ಹಾನಿಯುಂಟುಮಾಡಿದರೆ ಅದನ್ನು ತುಂಬಿಕೊಡುವ ಹೊಣೆ ಒಡೆಯನದೆಂಬುದು ಲೋಕವ್ಯವಹಾರದ ಧರ್ಮ. ಆ ಒಡೆಯನು ಸರ್ಕಾರವೇ ಆದರೆ ಈ ಧರ್ಮವು ಅನ್ವಯಿಸುವುದೇ? ಭಾರತದ ನ್ಯಾಯಾಲಯಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಚರಿತ್ರೆ ವಿಚಾರಾರ್ಹವಾದುದು.

ಇಂಗ್ಲೆಂಡಿನಲ್ಲಿ ಅರಸನು ತಪ್ಪು ಮಾಡಲಾರನೆಂಬ ಸೂತ್ರವಿದ್ದಿತು. ಆದರೆ ಈಸ್ಟ್ ಇಂಡಿಯಾ ಕಂಪನಿಯು ವ್ಯಾಪಾರವನ್ನೂ ಆಳಿಕೆಯನ್ನೂ ಜೊತೆಯಾಗಿ ನಡೆಸಿದ ಸಂಸ್ಥೆ. ಅದರ ಮೇಲೆ ದಾವೆ ಹೂಡಬಹುದಾಗಿದ್ದಿತು. 1858ರಲ್ಲಿ ಆಡಳಿತವು ರಾಣಿಯ ಕೈಸೇರಿದಾಗ, ಆ ದಾವೆಗಳನ್ನು ಲಂಡನ್ನಿನ ಭಾರತಮಂತ್ರಿಯ ಮೇಲೆ ಹೂಡಬಹುದೆಂದು ಶಾಸನವು ವಿಧಿಸಿತು.

ಇದರ ಪರೀಕ್ಷೆ ಬಹುಬೇಗನೆ ನಡೆಯಿತು. ಕಲ್ಕತ್ತೆಯ ಕಿಡ್ಡರ್‌ಪುರದಲ್ಲಿ ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ದಾರಿಯಲ್ಲಿ ಕಬ್ಬಿಣವನ್ನು ಕೆಡಹಿದುದರಿಂದ ಹಡಗು ಕಂಪನಿಯೊಂದರ ಗಾಡಿಯ ಕುದುರೆ ಗಾಯಗೊಂಡಿತು. ಪರಿಹಾರವಾಗಿ ಬೇಡಿದುದು 350 ರೂಪಾಯಿ ಮಾತ್ರ. 1861ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಅವರು ಸರ್ಕಾರವೇ ಹೊಣೆಯೆಂದು ತೀರ್ಪಿತ್ತರು. ಆದರೆ ಅದೇ ತೀರ್ಪಿನಲ್ಲಿ ಭೇದವೊಂದನ್ನೂ ಕಲ್ಪಿಸಿದರು. ಖಾಸಗಿಯವರೂ ನಡೆಸಬಹುದಾದ ಕಾರ್ಯಗಳಲ್ಲಿ ಸರ್ಕಾರಕ್ಕೆ ಹೊಣೆಯುಂಟು. ಕೇವಲ ರಾಜಾಧಿಕಾರದಿಂದ ನಡೆಯುವ ಕಾರ್ಯಗಳಲ್ಲಿ ಇಲ್ಲ. ಸಂವಿಧಾನದ 300ನೆಯ ಅನುಚ್ಛೇದವು ಹಿಂದಿನ ಈ ಹೊಣೆಗಾರಿಕೆಯ ಸ್ಥಿತಿಯನ್ನೇ ಉಳಿಸಿಕೊಂಡು, ಅದನ್ನು ಮಾರ್ಪಡಿಸುವ ಅಧಿಕಾರವನ್ನು ಶಾಸನಸಭೆಗಳಿಗೆ ಬಿಟ್ಟಿತು.

ಭೇದದ ಕಠೋರ ಫಲವು ಮೀರತ್ತಿನ ಮೊಕದ್ದಮೆಯಲ್ಲಿ ಪ್ರಕಟವಾಯಿತು. 1947ರ ಸೆಪ್ಟೆಂಬರಿನಲ್ಲಿ ಅಮೃತಸರದ ವ್ಯಾಪಾರಿಯೊಬ್ಬರು ಚಿನ್ನಬೆಳ್ಳಿಗಳನ್ನು ಮಾರಲು ಅಲ್ಲಿಗೆ ಬಂದರು. ಪೊಲೀಸರು ಸಂಶಯದಿಂದ ಅವರನ್ನು ಹಿಡಿದು, 103 ತೊಲಕ್ಕೂ ಮಿಕ್ಕ ಚಿನ್ನವನ್ನು ಠಾಣೆಯಲ್ಲಿರಿಸಿಕೊಂಡರು. ಬೆಳ್ಳಿ ಹಿಂದಿರುಗಿತು, ಚಿನ್ನ ಹಿಂದಿರುಗಲಿಲ್ಲ. ಅದನ್ನು ಕಾಯಬೇಕಾಗಿದ್ದ ಹೆಡ್ ಕಾನ್‌ಸ್ಟೇಬಲನೇ ಅಪಹರಿಸಿ ಪಾಕಿಸ್ತಾನಕ್ಕೆ ಓಡಿಹೋಗಿದ್ದನು. ಕಸ್ತೂರಿಲಾಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು 1964ರಲ್ಲಿ, ಪೊಲೀಸರ ಅಲಕ್ಷ್ಯವನ್ನು ಒಪ್ಪಿಕೊಂಡೂ, ಬಂಧನ ಮತ್ತು ವಶಪಡಿಕೆ ರಾಜಾಧಿಕಾರದ ಕಾರ್ಯಗಳಾದುದರಿಂದ ಸರ್ಕಾರವು ಹೊಣೆಯಲ್ಲವೆಂದರು. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರಿಗೆ ಈ ಫಲವು ಸಮಾಧಾನ ತರಲಿಲ್ಲ. ಶಾಸನಸಭೆಯು ಕಾಯಿದೆ ಮಾಡಬೇಕೆಂದು ಅವರು ಸೂಚಿಸಿದರು. 1967ರಲ್ಲಿ ಲೋಕಸಭೆಯ ಮುಂದೆ ಮಸೂದೆ ಬಂದಿತಾದರೂ ಅದು ಕಾಯಿದೆಯಾಗಲಿಲ್ಲ.

ಕಳುವಿನ ಒಡವೆಯ ಇನ್ನೊಂದು ಪ್ರಸಂಗವು ಅಂದಿನ ಮೈಸೂರು ರಾಜ್ಯದ್ದು. ಮಹಿಳೆಯೊಬ್ಬರ ಮನೆಯಿಂದ ಕಳುವಾದ ಒಡವೆಗಳನ್ನು ಪೊಲೀಸರು ಪತ್ತೆಹಚ್ಚಿದರು. ಠಾಣೆಯಲ್ಲಿದ್ದಾಗ ಅವು ಪುನಃ ಕಾಣೆಯಾದವು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಸ್ತುವನ್ನು ಕಾಪಾಡಲು ತಕ್ಕ ಎಚ್ಚರ ವಹಿಸಿದುದನ್ನು ತೋರಿಸಲಾರದ ಸರ್ಕಾರವು ಅದರ ಬೆಲೆಯನ್ನು ತೆರಬೇಕೆಂದಿತು. ಇಲ್ಲಿ ದಾರಿ ಬೇರೆ: ಇದು ಸಿವಿಲ್ ದಾವೆಯಲ್ಲ, ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಡಿ ಬೇಡಿದ ಪರಿಹಾರ. ಆದರೂ ಎರಡು ಠಾಣೆಗಳ ನಷ್ಟ ಒಂದೇ ಬಗೆಯದು. ಒಬ್ಬರಿಗೆ ಬೆಲೆ ದೊರೆಯಿತು, ಮತ್ತೊಬ್ಬರಿಗೆ ದೊರೆಯಲಿಲ್ಲ.

ಬಳಿಕ ಪ್ರಾಣ ಹಾಗೂ ಸ್ವಾತಂತ್ರ್ಯಗಳ ಪ್ರಶ್ನೆ ಮುಂದೆ ಬಂದಿತು. ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಬಿಹಾರದ ಸೆರೆಮನೆಯಲ್ಲುಳಿದವನಿಗೆ 1983ರಲ್ಲಿ ಪರಿಹಾರ ದೊರೆಯಿತು. ಒರಿಸ್ಸಾದಲ್ಲಿ ಪೊಲೀಸರ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿದ ನ್ಯಾಯಾಲಯವು, ಮೂಲಭೂತ ಹಕ್ಕುಗಳ ಭಂಗದಲ್ಲಿ ರಾಜಾಧಿಕಾರದ ನೆಪ ಸಲ್ಲದೆಂದಿತು. 1994ರಲ್ಲಿ, ವಶಪಡಿಸಿಕೊಂಡ ಗೊಬ್ಬರ ಹಾಳಾದ ಆಂಧ್ರದ ಪ್ರಕರಣದಲ್ಲಿ, ಹಳೆಯ ಭೇದವೇ ಕಾಲಬಾಹಿರವೆಂಬ ಮಾತು ಬಂದಿತು.

ಆದರೂ ಐವರ ಪೀಠದ ಆ ತೀರ್ಪನ್ನು ಹಿರಿದಾದ ಪೀಠವೊಂದು ವಿಧಿವತ್ತಾಗಿ ತಳ್ಳಿಹಾಕಿಲ್ಲ. ಗಜೇಂದ್ರಗಡಕರ್ ಬಯಸಿದ ಸಮಗ್ರ ಕಾಯಿದೆಯೂ ಬಂದಿಲ್ಲ. ಕಾಯಿದೆಯಿಲ್ಲದಲ್ಲಿ ಪ್ರಜೆಯ ಪಾಡು ಆಯಾ ಪೀಠದ ವಿವೇಕವನ್ನು ಅವಲಂಬಿಸಿರುತ್ತದೆ. ಪ್ರಜೆಯ ಚಿನ್ನವನ್ನು ಬಲದಿಂದ ಪಡೆಯುವ ಅಧಿಕಾರವು ರಾಜಾಧಿಕಾರವಾದರೆ, ಅದನ್ನು ಕಾಪಾಡಿ ಹಿಂದಿರುಗಿಸುವ ಹೊಣೆಯೂ ಆ ಅಧಿಕಾರದ ಅಂಗವೇ ಆಗಬೇಕು. ಹಾಗಲ್ಲದಿದ್ದಲ್ಲಿ ಆಳು ಮಾಡಿದ ಕಳವಿನ ನಷ್ಟವನ್ನು ಅರಸನಲ್ಲ, ಕಳೆದುಕೊಂಡವನೇ ಹೊರಬೇಕಾಗುತ್ತದೆ.