ಘಾಟಿಯ ಹೊಂದದ ಜೋಡಿ

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಂಥ ಜೋಡಿಯನ್ನು ಯಾವ ರೈತನೂ ನೊಗಕ್ಕೆ ಕಟ್ಟುವುದಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಬಣ್ಣ, ಎತ್ತರ, ಕೊಂಬು, ಹಲ್ಲು, ಸುಳಿ ಎಲ್ಲವನ್ನೂ ತಾಳೆ ನೋಡಿಯೇ ವ್ಯಾಪಾರ ಕುದುರುವುದು. ಅದೇ ಕ್ಷೇತ್ರದ ಗರ್ಭಗುಡಿಯಲ್ಲಾದರೋ ಪೂರ್ವಕ್ಕೆ ಮುಖ ಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ ಒಂದೇ ಶಿಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟಿದ್ದಾರೆ. ಒಬ್ಬ ಶಿವನ ಮಗ, ಇನ್ನೊಬ್ಬ ವಿಷ್ಣುವಿನ ಅವತಾರ. ಶೈವ, ವೈಷ್ಣವ ಎಂಬ ಲೆಕ್ಕದಲ್ಲಿ ಇದು ಹೊಂದದ ಜೋಡಿ. ಆದರೆ ಇವರನ್ನು ಕೂಡಿಸಿದ್ದು ಮತದ ಲೆಕ್ಕವಲ್ಲ, ಹೊಲಗದ್ದೆಯವರ ನಾಗಾರಾಧನೆ ಎಂದು ನನಗೆ ತೋರುತ್ತದೆ.

ಸುಬ್ರಹ್ಮಣ್ಯನ ವಾಹನ ನವಿಲು. ನವಿಲು ಹಾವಿನ ವೈರಿ. ತಮಿಳುನಾಡಿನ ಮುರುಗ ವೇಲು ಹಿಡಿದು ನವಿಲೇರಿದವನು. ಕನ್ನಡ ನಾಡಿನಲ್ಲಿ ಅದೇ ದೇವರು ಹೆಚ್ಚಾಗಿ ಹಾವಿನ ರೂಪದಲ್ಲೇ ಪೂಜೆಗೊಳ್ಳುತ್ತಾನೆ. ಕುಕ್ಕೆ ಆದಿ, ಘಾಟಿ ಮಧ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆ ಅಂತ್ಯ ಎಂದು ಜನ ಹೆಸರಿಸುವ ಮೂರು ಕ್ಷೇತ್ರಗಳೂ ನಾಗಪೂಜೆಯವೇ. ಘಾಟಿಯಲ್ಲಿ ಸಂತಾನಕ್ಕಾಗಿ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ನಾಗ ಇಲ್ಲಿ ಮೊದಲಿಗ, ಸುಬ್ರಹ್ಮಣ್ಯನ ಹೆಸರು ಅವನ ಮೇಲೆ ಬಂದದ್ದು ಎಂದು ಊಹಿಸಲು ಇಷ್ಟು ಸಾಕು. ಹಾಗೆ ನೋಡಿದಾಗ ನರಸಿಂಹನೂ ಅಪರಿಚಿತನಾಗಿ ಉಳಿಯುವುದಿಲ್ಲ. ಗರುಡನಿಂದ ಸರ್ಪಕುಲವನ್ನು ಉಳಿಸಲು ಸುಬ್ರಹ್ಮಣ್ಯ ನರಸಿಂಹನ ಮೊರೆಹೊಕ್ಕ ಎನ್ನುತ್ತದೆ ಸ್ಥಳಪುರಾಣ. ಗರುಡನಿಗೆ ಒಡೆಯ ವಿಷ್ಣು. ಕಾಡುವವನ ಒಡೆಯನ ಬಳಿಗೇ ದೂರು ಒಯ್ಯುವುದು ಹಳ್ಳಿಯ ನ್ಯಾಯಕ್ಕೆ ಹೊಸದೇನಲ್ಲ.

ವಿಗ್ರಹ ಸ್ವಯಂಭು, ಅದಕ್ಕೆ ಕಾರಣ ಹುಡುಕುವುದೇ ತಪ್ಪು ಎಂದು ಭಕ್ತರು ಆಕ್ಷೇಪಿಸಬಹುದು. ಶಿಲೆ ಹೇಗೆ ಬಂತೆಂಬುದು ನಂಬಿಕೆಯ ಮಾತು, ಅದರ ಗೊಡವೆ ನನಗಿಲ್ಲ. ಆ ಶಿಲೆಯಲ್ಲಿ ಯಾರನ್ನು ಕಂಡರು, ಹೇಗೆ ಪೂಜಿಸಿದರು ಎಂಬುದು ಮನುಷ್ಯರ ಚರಿತ್ರೆ. ಕತೆಯನ್ನು ಆಮೇಲೆ ಹೆಣೆದಿರಬಹುದಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೆಣೆದಿರಲಿ. ಹಾಗಿದ್ದರೂ ಹೆಣೆದವರು ಹಾವನ್ನು ಕಾಯುವ ಕತೆಯನ್ನೇ ಆರಿಸಿದರು, ಹರಿಹರರಲ್ಲಿ ಭೇದವಿಲ್ಲವೆಂಬ ತತ್ತ್ವವನ್ನಲ್ಲ. ಆ ತತ್ತ್ವದ ಮೂರ್ತಿ ಬೇಕಿದ್ದರೆ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಆ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ ಸೇರಿ ಒಂದೇ ದೇಹ, ಒಂದೇ ದಿಕ್ಕು. ಘಾಟಿಯಲ್ಲಿ ಇಬ್ಬರೂ ಇಬ್ಬರಾಗಿಯೇ ಇದ್ದಾರೆ. ನರಸಿಂಹನನ್ನು ಪೂರ್ವಕ್ಕೆ ತಿರುಗಿಸುವ ಯತ್ನ ನಡೆಯಲಿಲ್ಲ. ವಿಗ್ರಹದ ಹಿಂದೆ ದೊಡ್ಡ ಕನ್ನಡಿ ಇಟ್ಟರು. ಎದುರಿಗೆ ನಿಂತವರಿಗೆ ಸುಬ್ರಹ್ಮಣ್ಯ ನೇರವಾಗಿಯೂ ನರಸಿಂಹ ಕನ್ನಡಿಯಲ್ಲಿಯೂ ಕಾಣುತ್ತಾರೆ, ಮಂಗಳಾರತಿ ಇಬ್ಬರಿಗೂ ಸಲ್ಲುತ್ತದೆ.