ಜಗಲಿಯೂ ಕೆಲಸದ ಜಾಗ: ಸುರಕ್ಷತಾ ಸಲಹಾ ಮಂಡಳಿ ಮತ್ತು ಬೀಡಿ ಕಟ್ಟುವ ಮನೆಗಳು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಗೆ ಸಂಸತ್ತು 2020ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದರ 16ನೆಯ ಕಲಮು ದೇಶಕ್ಕೊಂದು, 17ನೆಯ ಕಲಮು ರಾಜ್ಯಕ್ಕೊಂದು ಸುರಕ್ಷತಾ ಸಲಹಾ ಮಂಡಳಿಯನ್ನು ವಿಧಿಸುತ್ತದೆ. ರಾಷ್ಟ್ರೀಯ ಮಂಡಳಿಗೆ ಕೇಂದ್ರ ಕಾರ್ಮಿಕ ಕಾರ್ಯದರ್ಶಿ ಅಧ್ಯಕ್ಷರು. ಗಣಿ ಸುರಕ್ಷತೆಯ ಮಹಾನಿರ್ದೇಶಕರು, ಸ್ಫೋಟಕಗಳ ಮುಖ್ಯ ನಿಯಂತ್ರಕರು, ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಅದರಲ್ಲಿ ಕೂರುತ್ತಾರೆ. ಸುರಕ್ಷತೆಯ ಮಾನದಂಡಗಳು ಹೇಗಿರಬೇಕು, ನಿಯಮಗಳು ಏನು ಹೇಳಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡುವುದು ಅವರ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಬೀಡಿ ಕಟ್ಟುವ ಹೆಂಗಸರು ಇಂಥ ಮಂಡಳಿಯ ಕಣ್ಣಿಗೆ ಬೀಳುತ್ತಾರೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ತಾನಾಗಿ ಬೀಳುವುದಿಲ್ಲ, ಅದಕ್ಕೆ ಕಾರಣ ಕಾನೂನಿನ ಒಂದು ಹಳೆಯ ವಾಕ್ಯದಲ್ಲಿದೆ ಎಂಬುದು ನನ್ನ ವಾದ.

ಕೆಲಸದ ಕ್ರಮ ಕರಾವಳಿಯವರಿಗೆ ಗೊತ್ತಿದ್ದದ್ದೇ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತೂಕದ ಲೆಕ್ಕದಲ್ಲಿ ಮನೆಗೆ ಬರುತ್ತವೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಪುಡಿ ತುಂಬಿ ಸುರುಳಿ ಸುತ್ತಿ ನೂಲು ಕಟ್ಟುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಕಟ್ಟಿದ್ದನ್ನು ಬ್ರಾಂಚಿಗೆ ಒಯ್ದಾಗ ಅಲ್ಲಿ ಆರಿಸುತ್ತಾರೆ, ಸರಿಯಿಲ್ಲದ್ದನ್ನು ಬದಿಗೆ ಹಾಕುತ್ತಾರೆ. ಬೆನ್ನು, ಕುತ್ತಿಗೆ, ಬೆರಳ ಸಂಧುಗಳ ನೋವು ಮನೆಯಲ್ಲೇ ಉಳಿಯುತ್ತದೆ. ಪುಡಿಯ ಘಾಟು ಕಟ್ಟುವವಳಿಗೆ ಮಾತ್ರವಲ್ಲ, ಪಕ್ಕದಲ್ಲಿ ಪಾಠ ಓದುವ ಮಗುವಿಗೂ ತಾಗುತ್ತದೆ.

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಅದು ನೌಕರರೆಂದೇ ಎಣಿಸಿತು. ರಜೆ, ಹೆರಿಗೆ ಸೌಲಭ್ಯಗಳ ಹಕ್ಕು ಕೊಟ್ಟಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದ ಸಂಸ್ಥೆಗಳು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ನಮ್ಮ ಜಿಲ್ಲೆಯ ಉದ್ಯಮದ ಹೆಸರಿನಲ್ಲೇ ಇರುವ ಆ ತೀರ್ಪು ದೇಶದ ಬೀಡಿ ಕಾರ್ಮಿಕರಿಗೆಲ್ಲ ಆಸರೆಯಾಯಿತು. ಆದರೆ ಅದೇ ಕಾಯಿದೆಯ ಆರೋಗ್ಯದ ಕಲಮುಗಳನ್ನು ಓದಿ ನೋಡಿ: ಸ್ವಚ್ಛತೆ, ಗಾಳಿ ಬೆಳಕು, ದಟ್ಟಣೆ, ಧೂಳು ಹೊರಹಾಕುವ ಏರ್ಪಾಡು, ಎಲ್ಲವೂ ‘ಕೈಗಾರಿಕಾ ಆವರಣ’ಕ್ಕೆ ಸಂಬಂಧಿಸಿದವು. ಆವರಣದ ಹೊರಗೆ ಬೀಡಿ ತಯಾರಿಸಕೂಡದು ಎಂದು 29ನೆಯ ಕಲಮು ಕಟ್ಟಪ್ಪಣೆ ಮಾಡಿತ್ತು. ಮಾಲೀಕರಿಂದಲೋ ಗುತ್ತಿಗೆದಾರರಿಂದಲೋ ಕಚ್ಚಾಮಾಲು ಪಡೆದು ಮನೆಯಲ್ಲಿ ಕಟ್ಟುವವರಿಗೆ ಇದು ಅನ್ವಯಿಸದು ಎಂಬ ಪರಂತುಕ ಅದರ ಬೆನ್ನಿಗೇ ಇತ್ತು. ಹೀಗೆ ಕೂಲಿಯ ಲೆಕ್ಕಕ್ಕೆ ಹೆಂಗಸು ನೌಕರಳಾದಳು, ಧೂಳಿನ ಲೆಕ್ಕಕ್ಕೆ ಆಗಲಿಲ್ಲ. 2020ರ ಸಂಹಿತೆ 1966ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಾಗ ಈ ಪರಂತುಕವನ್ನೂ 76ನೆಯ ಕಲಮಿಗೆ ತಂದುಕೊಂಡಿತು. ಐದು ದಶಕಗಳ ಅನುಭವದ ಬಳಿಕವೂ ಈ ವಾಕ್ಯವನ್ನು ಯಾರೂ ಪುನಃ ಯೋಚಿಸದೆ ಬಿಟ್ಟದ್ದು ನನಗೆ ಗಂಭೀರ ಲೋಪವಾಗಿ ಕಾಣುತ್ತದೆ.

ಸಲಹಾ ಸಮಿತಿಗಳು ಬೀಡಿ ಲೋಕಕ್ಕೆ ಹೊಸತಲ್ಲ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಯಲ್ಲೇ ಅವು ಇದ್ದವು. ಸರ್ಕಾರ, ಮಾಲೀಕರು, ಕಾರ್ಮಿಕರು ಸಮಸಂಖ್ಯೆಯಲ್ಲಿರಬೇಕು, ಕನಿಷ್ಠ ಒಬ್ಬ ಮಹಿಳೆ ಸದಸ್ಯೆಯಾಗಿರಬೇಕು ಎಂಬ ನಿಯಮವಿತ್ತು. ಕಟ್ಟುವವರಲ್ಲಿ ಬಹುತೇಕ ಹೆಂಗಸರೇ ಇರುವ ಕಸುಬಿಗೆ ಒಬ್ಬ ಮಹಿಳೆ ಎಂಬ ಕನಿಷ್ಠ ಮಿತಿ ತೀರ ಕಡಿಮೆಯಾಯಿತು. ಬೀಡಿಯ ಮೇಲಿನ ಸೆಸ್ಸಿನಿಂದ ತುಂಬುತ್ತಿದ್ದ ಆ ನಿಧಿ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು, ಔಷಧಾಲಯ ಇವನ್ನು ನೋಡಿಕೊಂಡಿತು. ಕರ್ನಾಟಕದ ಬೀಡಿ ಕಾರ್ಮಿಕರ ಆಸ್ಪತ್ರೆ ಇರುವುದು ಮೈಸೂರಿನಲ್ಲಿ. ಬೆಳ್ತಂಗಡಿಯವರು ಘಟ್ಟ ಹತ್ತಿ ಹೋಗಬೇಕು. ಜಿಎಸ್‌ಟಿ ಬಂದ 2017ರ ಜುಲೈಯಲ್ಲಿ ಆ ಸೆಸ್ಸೂ ನಿಂತುಹೋಯಿತು. ನಿಧಿ ಮಾಡಿದ್ದು ದೊಡ್ಡ ಉಪಕಾರ, ಅದರಲ್ಲಿ ಸಂಶಯವಿಲ್ಲ. ಅದರ ಸ್ವರೂಪ ಮಾತ್ರ ಪರಿಹಾರದ್ದು. ರೋಗ ಬಂದ ಮೇಲೆ ಮದ್ದಿಗೆ ದಾರಿಯಿತ್ತು, ಕೆಲಸದಿಂದ ರೋಗ ಬಾರದಂತೆ ತಡೆಯುವ ಹೊಣೆ ಯಾರ ಮೇಲೂ ಇರಲಿಲ್ಲ.

ಹಾನಿ ಇದೆಯೇ ಎಂದು ಕೇಳುವವರಿದ್ದಾರೆ. ಮುಂಬೈಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ರಜನಿ ಭಿಸೆ ಮತ್ತು ಸಂಗಡಿಗರು ಬೀಡಿ ಕಾರ್ಮಿಕರ ಮೂತ್ರವನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಕೋಟಿನ್ ದೇಹದೊಳಗೆ ಮಾರ್ಪಟ್ಟು ಉಂಟಾಗುವ ಕೊಟಿನಿನ್ ಅದರಲ್ಲಿ ಕಂಡುಬಂದಿತ್ತು. ಅಂದರೆ ಹೊಗೆಸೊಪ್ಪು ಚರ್ಮದಿಂದಲೂ ಉಸಿರಿನಿಂದಲೂ ಕಟ್ಟುವವರ ಒಳಸೇರುತ್ತದೆ. ಈಗ ಸಂಹಿತೆಯ ಮೂರನೆಯ ಅನುಸೂಚಿಯನ್ನು ನೋಡೋಣ. ವೈದ್ಯರು ವರದಿ ಮಾಡಲೇಬೇಕಾದ 29 ಔದ್ಯೋಗಿಕ ರೋಗಗಳ ಪಟ್ಟಿ ಅದು. ಸೀಸ, ಪಾದರಸ, ಸಿಲಿಕೋಸಿಸ್, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಅದರಲ್ಲಿವೆ. ಹೊಗೆಸೊಪ್ಪಿನ ಧೂಳಿನ ಹೆಸರಿಲ್ಲ. ಹೆಸರಿಲ್ಲದ ರೋಗ ವರದಿಯಾಗದು, ವರದಿಯಾಗದ್ದು ಮಂಡಳಿಯ ಮೇಜಿಗೆ ಬಾರದು. 22ನೆಯ ಕಲಮು ಹೇಳುವ ಸುರಕ್ಷತಾ ಅಧಿಕಾರಿಯ ನೇಮಕವೂ ಇಲ್ಲಿ ಕೆಲಸಕ್ಕೆ ಬಾರದು. ಅದು 500 ಮಂದಿ ದುಡಿಯುವ ಕಾರ್ಖಾನೆಗೆ, ಅಪಾಯಕಾರಿ ಪ್ರಕ್ರಿಯೆಯಿದ್ದರೆ 250 ಮಂದಿಗೆ ಎಂದಿದೆ. ಒಂದೇ ಬ್ರಾಂಡಿಗೆ ಕಟ್ಟುವ ಕೈಗಳು ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು, ಆದರೆ ಅವು ಒಂದು ಸೂರಿನಡಿ ಇಲ್ಲ.

ಎಲ್ಲರಿಗೂ ಕೇಳಿಸುವ ಅಪಘಾತಕ್ಕೆ ಬೇರೆ ಗತಿಯಿದೆ. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಕಾ ಘಟಕ ಸ್ಫೋಟಗೊಂಡು ಮೂವರು ಕಾರ್ಮಿಕರು ತೀರಿಹೋದರು. ಅಧಿಕಾರಿಗಳು ಧಾವಿಸಿದರು, ಪ್ರಕರಣ ದಾಖಲಾಯಿತು. ಅದೇ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಕಥೆ ನಿಧಾನದ್ದು. ಗೇರು ತೋಟಗಳಿಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸಿಂಪಡಿಸಿದ್ದು 2000ದ ಹೊತ್ತಿಗೆ ನಿಂತಿತು. ರಾಜ್ಯ ಅದನ್ನು ನಿಷೇಧಿಸಿದ್ದು 2011ರಲ್ಲಿ. ಕೆಲಸದ ವಿಷ ಕೆಲಸದ ಜಾಗದ ಬೇಲಿ ದಾಟಿ ಮನೆಯಂಗಳಕ್ಕೆ ಬಂದಾಗ ಅದನ್ನು ಗುರುತಿಸಲು ನಮ್ಮ ವ್ಯವಸ್ಥೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಪುರಾವೆ ಬೇಡ.

ಇನ್‌ಸ್ಪೆಕ್ಟರು ಮನೆಮನೆಗೆ ನುಗ್ಗಲು ಆಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಗೃಹಾಧಾರಿತ ಕೆಲಸದ ಒಡಂಬಡಿಕೆ, ಅಂದರೆ 177ನೆಯದು, ಇದನ್ನು ಬಲ್ಲದು: ಸುರಕ್ಷತೆಯ ಕಾನೂನು ಗೃಹಾಧಾರಿತ ಕೆಲಸಗಾರರಿಗೂ ಅನ್ವಯವಾಗಲಿ, ಆದರೆ ಆ ಕೆಲಸದ ವಿಶೇಷತೆಯನ್ನು ಗಮನಿಸಿ ಆಗಲಿ ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮ ಕಡೆ ಒಂದು ಅನುಕೂಲವಿದೆ, ಅದು ಬ್ರಾಂಚು. ಬೀಡಿ ಕಟ್ಟುವವರೆಲ್ಲ ಅಲ್ಲಿಗೆ ಬರಲೇಬೇಕು, ಅವರ ಲೆಕ್ಕ ಪುಸ್ತಕದಲ್ಲಿರುತ್ತದೆ. ಸಂಹಿತೆಯ 6ನೆಯ ಕಲಮು ನಿಗದಿಪಡಿಸಿದ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಹೊಣೆಯನ್ನು ಮಾಲೀಕರಿಗೆ ಹೊರಿಸಿದೆ. ಅದನ್ನು ಬ್ರಾಂಚಿನಲ್ಲೇ ಮಾಡಿದರೆ ಯಾರ ಮನೆಯ ಹೊಸಿಲನ್ನೂ ತುಳಿಯಬೇಕಾಗಿಲ್ಲ.

ರಾಜ್ಯ ಮಂಡಳಿಗೆ ನೆರವಾಗಲು ತಾಂತ್ರಿಕ ಸಮಿತಿಗಳನ್ನು ರಚಿಸುವ ಅಧಿಕಾರ ಸರ್ಕಾರಕ್ಕಿದೆ. ಮನೆಯಲ್ಲಿ ನಡೆಯುವ ಕೆಲಸಕ್ಕೆಂದೇ ಅಂಥದೊಂದು ಸಮಿತಿ ಬೇಕು, ಅದರಲ್ಲಿ ಬೀಡಿ ಕಟ್ಟಿ ಬೆರಳು ಸವೆಸಿದ ಹೆಂಗಸರು ಸದಸ್ಯರಾಗಿರಬೇಕು. ಹೊಗೆಸೊಪ್ಪಿನ ಧೂಳನ್ನು ಅನುಸೂಚಿಗೆ ಸೇರಿಸುವ ಶಿಫಾರಸು ಅದರ ಮೊದಲ ಕೆಲಸವಾಗಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬೀಡಿ ಸಂಘಟನೆಗಳು ಕೂಲಿಯ ಬೇಡಿಕೆಯ ಜೊತೆಗೇ ಇದನ್ನೂ ಬರೆದು ಕಾರ್ಮಿಕ ಇಲಾಖೆಗೆ ಕೊಡಬೇಕೆಂದು ನನ್ನ ವಿನಂತಿ.