ಬಾಕಿ ಖರ್ಚು ಮತ್ತು ಪ್ರಾವಿಷನ್

ವರ್ಷದ ಕೊನೆಗೆ ಪಾವತಿಯಾಗದೆ ಉಳಿದ ಹೊಣೆಯನ್ನು ಲೆಕ್ಕಕ್ಕೆ ತರುವ ಎರಡು ಬಗೆಗಳು. ಲಾರಿಗಳು ಮಾರ್ಚ್‌ನಲ್ಲಿ ಗಣಿಯಿಂದ ಅದಿರು ಸಾಗಿಸಿ ಬಾಡಿಗೆ ಬಿಲ್ ಏಪ್ರಿಲ್‌ನಲ್ಲಿ ಬಂದರೆ ಅದು ಮಾರ್ಚ್‌ನ ಬಾಕಿ ಖರ್ಚು: ಕೆಲಸ ಮುಗಿದಿದೆ, ಮೊತ್ತವೂ ಹೆಚ್ಚುಕಡಿಮೆ ಗೊತ್ತು. ಅದೇ ಗಣಿಯ ಗುಂಡಿಯನ್ನು ಮುಂದೆ ಸರಿಪಡಿಸಬೇಕಾದ ಹೊಣೆ ಪ್ರಾವಿಷನ್: ಅಗೆದಾಗಲೇ ಅದು ಹುಟ್ಟಿದೆ, ಎಷ್ಟು ಮತ್ತು ಯಾವಾಗ ಎಂಬುದಷ್ಟೇ ಅಂದಾಜು. ಹೊಣೆ ಇದೆಯೇ ಎಂಬುದೇ ತೀರ್ಮಾನವಾಗದಿದ್ದರೆ ಅದು ಸಂಭಾವ್ಯ ಹೊಣೆ. ಅದಕ್ಕೆ ಟಿಪ್ಪಣಿ ಮಾತ್ರ.

1956ರ ಕಂಪನಿ ಕಾಯ್ದೆಯ ಆರನೇ ಅನುಸೂಚಿ ಸವಕಳಿಯನ್ನೂ ಖಚಿತ ಮೊತ್ತ ತಿಳಿಯದ ಹೊಣೆಯನ್ನೂ ಪ್ರಾವಿಷನ್ ಎಂಬ ಒಂದೇ ಹೆಸರಿನಡಿ ಇಟ್ಟಿತ್ತು. ಇಂದಿಗೂ ಉಳಿದಿರುವ ಗೊಂದಲಕ್ಕೆ ಇದೂ ಒಂದು ಕಾರಣ. 1998ರ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ 37 ಎರಡನ್ನೂ ಬೇರ್ಪಡಿಸಿತು. ಭಾರತದಲ್ಲಿ ಲೆಕ್ಕ ಮಾನದಂಡ 29 ಏಪ್ರಿಲ್ 1, 2004ರಿಂದ, ದೊಡ್ಡ ಕಂಪನಿಗಳಿಗೆ ಆ ಅಂತರರಾಷ್ಟ್ರೀಯ ಮಾನದಂಡದ ಭಾರತೀಯ ರೂಪ ಇಂಡ್ ಎಎಸ್ 37 ಏಪ್ರಿಲ್ 1, 2016ರಿಂದ ಜಾರಿಗೆ ಬಂದವು.

ಕರ್ನಾಟಕದ ಮಟ್ಟಿಗೆ ಮುಖ್ಯ ತಿರುವು ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಪ್ರಕರಣ. ನೌಕರರು ಗಳಿಸಿದ ರಜೆಯ ನಗದೀಕರಣಕ್ಕೆ ಕಂಪನಿ ತೋರಿಸಿದ ಪ್ರಾವಿಷನ್ನನ್ನು ಆದಾಯ ತೆರಿಗೆ ಇಲಾಖೆ ಸಂಭಾವ್ಯ ಹೊಣೆ ಎಂದು ತಳ್ಳಿಹಾಕಿತು. ಪಾವತಿ ಮುಂದಿದ್ದರೂ ಹೊಣೆ ಇಂದಿನದೇ, ಸಮಂಜಸವಾಗಿ ಅಂದಾಜಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿತು. ಮರುವರ್ಷವೇ ಸಂಸತ್ತು ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಹೊಸ ಉಪಕಲಮು ಸೇರಿಸಿ, ಹಣ ಕೊಟ್ಟ ವರ್ಷವೇ ಕಡಿತ ಎಂದಿತು. 2020ರಲ್ಲಿ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಹೀಗೆ ಲೆಕ್ಕಪುಸ್ತಕದಲ್ಲಿರುವ ಈ ಪ್ರಾವಿಷನ್ ತೆರಿಗೆ ಲೆಕ್ಕದಲ್ಲಿ ಇಲ್ಲವಾಯಿತು.

ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಗಣಿಗಳಲ್ಲಿ ಪ್ರಶ್ನೆ ಇನ್ನೂ ಜಟಿಲ. ಗಣಿ ನಿಯಮಗಳ 2003ರ ತಿದ್ದುಪಡಿಯ ನಂತರ ಗಣಿ ಮುಚ್ಚುವ ಯೋಜನೆಯೂ ಹಣಕಾಸಿನ ಭದ್ರತೆಯೂ ಕಡ್ಡಾಯವಾದವು. ಆ ನಿಯಮಗಳ 'ಎ' ವರ್ಗದ ಗಣಿಗೆ ಹೆಕ್ಟೇರಿಗೆ ₹25,000 ಇದ್ದ ಭದ್ರತೆ 2017ರ ನಿಯಮಗಳಲ್ಲಿ ₹3 ಲಕ್ಷವಾಯಿತು. ಈ ಭದ್ರತೆಯನ್ನೇ ಪ್ರಾವಿಷನ್ ಎಂದುಕೊಳ್ಳುವುದು ತಪ್ಪು. ಅದು ಸರ್ಕಾರಕ್ಕೆ ಕೊಡುವ ಖಾತರಿ, ದರ ನಿಯಮದ್ದು. ಪ್ರಾವಿಷನ್ ಕಂಪನಿಯದೇ ಅಂದಾಜು, ಯಾವ ಖಾತೆಯಲ್ಲೂ ಅಷ್ಟು ಹಣ ಇಟ್ಟಿರಬೇಕೆಂದಿಲ್ಲ.

ಆಗಸ್ಟ್ 26, 2011ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಷೇಧವನ್ನು ಬಳ್ಳಾರಿಯಿಂದ ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಏಪ್ರಿಲ್ 18, 2013ರ ತೀರ್ಪು, ಅಕ್ರಮದ ಪ್ರಮಾಣದಂತೆ ಮಾಡಿದ ಬೇರೊಂದು ವಿಂಗಡಣೆಯ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಮಾಡಿ, ಉಳಿದವಕ್ಕೆ ಪುನಶ್ಚೇತನ ಯೋಜನೆಯ ಷರತ್ತು ಹಾಕಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳೆರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಇದ್ದ ಉತ್ಪಾದನಾ ಮಿತಿ 2022ರ ವೇಳೆಗೆ 1.5 ಕೋಟಿ ಟನ್‌ಗೆ ಏರಿತು. ಇಂಡ್ ಎಎಸ್ 37 ದೂರದ ಖರ್ಚನ್ನು ಇಂದಿನ ಮೌಲ್ಯಕ್ಕೆ ಇಳಿಸಿ ತೋರಿಸಲು ಹೇಳುತ್ತದೆ. ಆದ್ದರಿಂದ ಮಿತಿ ಏರಿ, ಅದಿರು ಬೇಗ ಖಾಲಿಯಾಗುವ ಅಂದಾಜಿನಲ್ಲಿ ಗಣಿ ಮುಚ್ಚುವ ದಿನ ಹತ್ತಿರವಾದರೆ, ಇನ್ನೂ ಒಂದು ಗುದ್ದಲಿ ಹೆಚ್ಚು ಬೀಳದಿದ್ದರೂ ಪ್ರಾವಿಷನ್ ಬೆಳೆಯುತ್ತದೆ. ಗುತ್ತಿಗೆ ಕರಾರಿನಲ್ಲಿ ತೆರವಿನ ಷರತ್ತಿದ್ದರೆ ಹಿರಿಯೂರು ಕಡೆಯ ಗಾಳಿಯಂತ್ರಗಳಿಗೂ ಇದೇ ಲೆಕ್ಕ.

ಸಂಭಾವ್ಯ ಹೊಣೆಯ ಗಡಿ ಸ್ಪಷ್ಟವಾಗಿ ಕಾಣುವುದು ತೆರಿಗೆ ವ್ಯಾಜ್ಯಗಳಲ್ಲಿ. 2008ರಲ್ಲಿ ರಾಜ್ಯ ಸರ್ಕಾರ ಅದಿರಿನ ಮೇಲೆ ಅರಣ್ಯ ಅಭಿವೃದ್ಧಿ ತೆರಿಗೆ ಹಾಕಿತು. 2015ರಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2016ರಲ್ಲಿ ಅದೇ ವಸೂಲಿ ಶುಲ್ಕದ ರೂಪದಲ್ಲಿ ಪೂರ್ವಾನ್ವಯವಾಗಿ ಬಂತು. 2017ರಲ್ಲಿ ಹೈಕೋರ್ಟ್ ಅದನ್ನೂ ರದ್ದುಮಾಡಿತು, ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈ 25, 2024ರಂದು ಬೇರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ಏಪ್ರಿಲ್ 1, 2005ರಿಂದೀಚಿನ ವಹಿವಾಟಿಗೆ ಬೇಡಿಕೆ ಸಲ್ಲಿಸಬಹುದು, ಅದನ್ನು ಏಪ್ರಿಲ್ 1, 2026ರಿಂದ 12 ವರ್ಷಗಳ ಕಂತುಗಳಲ್ಲಿ ಕಟ್ಟಬೇಕು ಎಂಬುದು ಆಗಸ್ಟ್ 14ರ ಆದೇಶ. ಆದರೆ ಅಧಿಕಾರ ಇರುವುದು ಬೇರೆ, ತೆರಿಗೆ ಹಾಕುವ ಕಾನೂನು ಜಾರಿಯಲ್ಲಿರುವುದು ಬೇರೆ. ಎರಡನೆಯದು ಇಲ್ಲದಿದ್ದರೆ ಪ್ರಾವಿಷನ್ ಹುಟ್ಟುವುದಿಲ್ಲ. ಮೊದಲೇ ಕಟ್ಟಿದ ಹಣದ ವಾಪಸಾತಿಗೆ ನಿಯಮ ಇನ್ನೂ ಬಿಗಿ: ಬಂದೇ ಬರುತ್ತದೆ ಎನ್ನುವಷ್ಟು ಖಚಿತವಾಗುವ ತನಕ ಅದನ್ನು ಆಸ್ತಿಯಾಗಿ ಬರೆಯುವಂತಿಲ್ಲ.